ಮೋಟರ್‌ಹೋಮಿನ ಮೂರನೆಯ ಪ್ರಯಾಣಿಕ

"ಅದರಲ್ಲೂ ಏನಿಲ್ಲ ಮೇಡಂ. ಎಲ್ಲಾ ಕ್ಲೀನ್ ಮಾಡಿಬಿಟ್ಟಿದೀವಿ" ಎಂದ ಅಮೋಘ್ ಕುಲಕರ್ಣಿ.

ಆದರೂ ನಾನು ಆ ಕಪಾಟನ್ನು ತೆರೆದೆ. ಅವನು ಹೇಳಿದ್ದು ನಿಜ. ಒಂದು ಸಾಸಿವೆ ಕಾಳು ಕೂಡ ಇರಲಿಲ್ಲ. ಒಲೆಯ ಸಂದು, ಫ್ರಿಜ್ಜಿನ ತಳ, ಸೀಟಿನ ಕೆಳಗಿನ ಪೆಟ್ಟಿಗೆ, ಎಲ್ಲ ಕಡೆ ಫಿನಾಯಿಲ್ ವಾಸನೆ. ಇನ್ಶೂರೆನ್ಸ್ ಕಂಪನಿಗಳ ಪರವಾಗಿ ವರ್ಷಗಟ್ಟಲೆ ಇಂಥ ಗಾಡಿಗಳ ಒಳಗೆ ತೆವಳಿದವಳು ನಾನು. ಬಾಡಿಗೆಗೆ ತಂದ ಮೋಟರ್‌ಹೋಮನ್ನು ನಮ್ಮ ಜನ ಇಷ್ಟು ಚೊಕ್ಕಟ ಮಾಡಿದ್ದನ್ನು ಎಲ್ಲೂ ಕಂಡಿಲ್ಲ. ಹಾಸಿಗೆಯ ಸಂದಿನಲ್ಲಿ ಒಂದು ಚಕ್ಕುಲಿ ಚೂರಾದರೂ ಸಿಗಬೇಕಿತ್ತು.

ಶುಚಿತ್ವ ಕಂಡರೆ ನನಗೆ ಅನುಮಾನ. ಇದು ನನ್ನ ಕೆಟ್ಟ ಗುಣ ಎಂದು ನನ್ನ ತಂಗಿ ಹೇಳುತ್ತಾಳೆ. ಅವಳ ಮನೆ ಫಳಫಳ ಹೊಳೆಯುತ್ತದೆ, ಹೇಳದೆ ಏನು ಮಾಡುತ್ತಾಳೆ.

ಗಾಡಿ ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜ್‌ನ ಒಂದು ಇಕ್ಕಟ್ಟು ಬೀದಿಯಲ್ಲಿ, ಅಮೋಘ್‌ನ ಮನೆಯ ಮುಂದೆ, ಅರ್ಧ ಫುಟ್‌ಪಾತಿನ ಮೇಲೆ ಹತ್ತಿ ನಿಂತಿತ್ತು. ಎದುರು ಮನೆಯ ಹೆಂಗಸು ಪರದೆ ಸರಿಸಿ ಸರಿಸಿ ನೋಡುತ್ತಿದ್ದಳು. ಇಷ್ಟು ಹೊತ್ತಿಗೆ ಕೌನ್ಸಿಲ್ಲಿಗೆ ಫೋನ್ ಮಾಡಿಯೂ ಆಗಿರಬೇಕು.

ಶನಿವಾರ ಉತ್ತರ ಐರ್ಲೆಂಡಿನ ಆಂಟ್ರಿಮ್ ಕರಾವಳಿಯಲ್ಲಿ ಈ ಗಾಡಿಯಿಂದ ಇಳಿದು ಬಂಡೆಗಳ ಕಡೆ ನಡೆದುಹೋದ ಮಧುಸೂದನ್ ತಿರುಗಿ ಬಂದಿಲ್ಲ. ಜೊತೆಗಿದ್ದ ಅಮೋಘ್ ಮತ್ತು ಅವನ ಹೆಂಡತಿ ಸಿರಿಶಾ ಬಂದಿದ್ದಾರೆ. ನನ್ನನ್ನು ಗೊತ್ತುಮಾಡಿದವಳು ಮಧುಸೂದನನ ಹೆಂಡತಿ ಬೃಂದಾ.

ಬೃಂದಾ ಈಗ ಗಾಡಿಯ ಊಟದ ಮೇಜಿನ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ಗಂಡನಿಗೂ ಅವಳಿಗೂ ಒಂದೇ ಮಹಡಿಯಲ್ಲಿ ಕೆಲಸ. ವಾರಾಂತ್ಯಕ್ಕೆ ಅವಳ ತಂಡದ ಸಾಫ್ಟ್‌ವೇರ್ ರಿಲೀಸ್ ಇತ್ತು. ಅದಕ್ಕೆ ಅವಳು ಪ್ರವಾಸಕ್ಕೆ ಹೋಗಿರಲಿಲ್ಲ. ಸುದ್ದಿ ಸಿಕ್ಕ ಕೂಡಲೇ ಬೆಲ್‌ಫಾಸ್ಟಿಗೆ ಹಾರಿ, ಭಾನುವಾರ ಇಡೀ ದಿನ ಕೋಸ್ಟ್‌ಗಾರ್ಡಿನವರ ಜೊತೆ ಬಂಡೆಯ ಮೇಲೆ ನಿಂತು, ಇವತ್ತು ಬೆಳಿಗ್ಗೆ ಲಂಡನ್ನಿಗೆ ಬಂದಿದ್ದಳು. ಸಂಜೆ ಮತ್ತೆ ಹೊರಡುವವಳಿದ್ದಳು. ಬಂದದ್ದು ಒಂದೇ ಕಾರಣಕ್ಕೆ. ಮಧುವಿನ ಹಲ್ಲುಜ್ಜುವ ಬ್ರಷ್ ಬೇಕೆಂದು ಪೊಲೀಸರು ಕೇಳಿದ್ದರು.

ಯಾಕೆ ಕೇಳಿದರು ಎಂದು ಅವಳು ನನ್ನನ್ನು ಕೇಳಿರಲಿಲ್ಲ. ಅವಳಿಗೆ ಗೊತ್ತಿತ್ತು. ನೀರಿನಲ್ಲಿ ಬಹಳ ಹೊತ್ತು ಇದ್ದ ದೇಹದ ಗುರುತು ಹಿಡಿಯಲು ಮುಖ ಸಾಲದು.

ಮಧುವಿನ ಬ್ಯಾಗು ಅವಳ ತೊಡೆಯ ಮೇಲಿತ್ತು. ಜಿಪ್ಪಿನ ಮೇಲೆ ಕೈ ಇಟ್ಟುಕೊಂಡಿದ್ದಳೇ ಹೊರತು ತೆರೆದಿರಲಿಲ್ಲ. ಎರಡು ನಿಮಿಷಕ್ಕೊಮ್ಮೆ ಫೋನ್ ನೋಡುತ್ತಿದ್ದಳು.

"ಕತ್ತಲಾಗೋವರೆಗೂ ಹುಡುಕ್ತಾರಂತೆ, ನೋರಾ ಆಂಟಿ. ಆಮೇಲೆ ನಿಲ್ಲಿಸಿಬಿಡ್ತಾರಂತೆ."

"ಯಾರು ಹೇಳಿದ್ದು?"

"ಈಗ ತಾನೇ ಮೆಸೇಜ್ ಬಂತು. ಇಷ್ಟು ಹುಡುಕಿದ್ರೂ ಒಂದು ಚಪ್ಪಲಿ ಕೂಡ ಸಿಕ್ಕಿಲ್ಲ, ವಿಚಿತ್ರ ಅಂತಿದ್ರು."

ನನಗೂ ಅದೇ ವಿಚಿತ್ರವಾಗಿ ಕಂಡಿತ್ತು. ಹೆಲಿಕಾಪ್ಟರ್, ದೋಣಿ, ನಾಯಿ, ಊರಿನವರು. ಅಷ್ಟು ಜನ ಅಷ್ಟು ಹುಡುಕಿದರೆ ಸಮುದ್ರ ಏನನ್ನಾದರೂ ಕೊಡುತ್ತದೆ. ನಾನು ಶಿರ್ವದವಳು, ಕಡಲು ನೋಡುತ್ತಾ ಬೆಳೆದವಳು, ನನಗೆ ಇಷ್ಟು ಗೊತ್ತು.

ಸಿರಿಶಾ ಬೃಂದಾಳ ಪಕ್ಕ ಕೂತು ಅವಳ ಬೆನ್ನು ಸವರುತ್ತಿದ್ದಳು. ಅಮೋಘ್ ಮಾತ್ರ ಕೂರಲೊಲ್ಲ. ಬಾಗಿಲಿಗೆ ಬಂದು ಬೀದಿ ನೋಡುವುದು, ತಿರುಗಿ ಒಲೆಯ ಬಳಿ ಹೋಗುವುದು, ಕೀ ಗೊಂಚಲನ್ನು ಬೆರಳಲ್ಲಿ ತಿರುಗಿಸುವುದು. ಅವನು ಕಾಲೆತ್ತಿ ಇಟ್ಟಾಗಲೆಲ್ಲ ಇಡೀ ಗಾಡಿ ಅಲುಗುತ್ತಿತ್ತು. ನನಗೆ ತಲೆ ತಿರುಗತೊಡಗಿತು.

"ಒಂದು ಕಡೆ ಕೂತ್ಕೊಳ್ಳಿ ಮಾರಾಯ್ರೆ. ದೋಣಿಯಲ್ಲಿ ಇದ್ದ ಹಾಗೆ ಆಗ್ತದೆ."

"ಸಾರಿ ಮೇಡಂ. ನಾಳೆ ಬೆಳಿಗ್ಗೆನೇ ಗಾಡಿ ವಾಪಸ್ ಕೊಡಬೇಕು. ಅದೇ ಟೆನ್ಷನ್ನು."

ಗೆಳೆಯ ಸಮುದ್ರಪಾಲಾಗಿದ್ದಾನೆ, ಇವನಿಗೆ ಗಾಡಿ ಕೊಡುವ ಟೆನ್ಷನ್ನು. ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಬಾತ್‌ರೂಮ್ ಎಲ್ಲಿ ಉಂಟು?"

"ಮನೆಯಲ್ಲಿ ಹೋಗಿ ಆಂಟಿ" ಎಂದಳು ಸಿರಿಶಾ. "ಇಲ್ಲಿಂದು ಟ್ಯಾಂಕ್ ಖಾಲಿ ಮಾಡಿ ತೊಳೆದುಬಿಟ್ಟಿದೀವಿ."

"ನನಗೆ ಹೋಗ್ಲಿಕ್ಕೆ ಅಲ್ಲ, ನೋಡ್ಲಿಕ್ಕೆ."

ಅವಳು ಗಂಡನ ಮುಖ ನೋಡಿದಳು. ಅವನು ಭುಜ ಕುಣಿಸಿದ. ಅಲ್ಲಿ ಏನೂ ಇಲ್ಲ ಎಂಬ ಧೈರ್ಯ ಅವನ ಮುಖದಲ್ಲಿ ಕಂಡಿತು.

ಬಾಗಿಲು ತೆರೆದರೆ ಮಡಚಿ ಇಟ್ಟ ಕೊಡೆಯಷ್ಟು ಜಾಗ. ಅಲ್ಲೂ ಫಿನಾಯಿಲ್. ಕನ್ನಡಿ ಒರೆಸಿದ್ದರು, ಕಸದ ಬುಟ್ಟಿ ತೊಳೆದು ಬೋರಲು ಹಾಕಿದ್ದರು. ನಾನು ಬಗ್ಗಿ ಕಮೋಡಿನ ಹಿಂದಿನ ಮೂಲೆಗೆ ಕೈ ಹಾಕಿದೆ.

ಅದು ಇತ್ತು. ಇರಲೇಬೇಕಿತ್ತು.

ಕುತ್ತಿಗೆಯ ಕೆಳಗೆ ಚಾಕುವಿನಿಂದ ಕೊಯ್ದ ದೊಡ್ಡ ನೀರಿನ ಬಾಟಲಿ. ಲಂಡನ್ನಿನಲ್ಲಿ ಎಷ್ಟು ವರ್ಷ ಇದ್ದರೂ, ಎಂಥ ಫ್ಲಾಟ್ ಕೊಂಡರೂ, ನಮ್ಮವರ ಶೌಚಾಲಯದ ಮೂಲೆಯಲ್ಲಿ ಒಂದು ಮಗ್ಗು ಇದ್ದೇ ಇರುತ್ತದೆ. ಟೂಟಿಂಗ್‌ನ ನನ್ನ ಬಾತ್‌ರೂಮಿನಲ್ಲಿ ಗಿಡಕ್ಕೆ ನೀರು ಹಾಕುವ ಹೂಜಿ ಇದೆ. ಪ್ರವಾಸ ಹೊರಟಾಗ ಮಗ್ಗು ಮರೆತರೆ ದಾರಿಯಲ್ಲಿ ಒಂದು ಬಾಟಲಿ ಕೊಂಡು, ನೀರು ಕುಡಿದು, ತಲೆ ಕೊಯ್ದರೆ ಆಯಿತು.

ಇಲ್ಲಿನ ಯಾವ ಇನ್‌ಸ್ಪೆಕ್ಟರ್ ಬಂದಿದ್ದರೂ ಇದನ್ನು ಕಸ ಎಂದುಕೊಳ್ಳುತ್ತಿದ್ದ. ಇವರಿಬ್ಬರಿಗೆ ಇದು ಕಸವೇ ಅಲ್ಲ, ಚೊಂಬು. ಬಿಲ್ಲು, ಬಿಸ್ಕತ್ತಿನ ಪೊಟ್ಟಣ, ಹಾಲಿನ ಡಬ್ಬಿ, ಎಲ್ಲ ಹುಡುಕಿ ಹುಡುಕಿ ಎಸೆದವರ ಕಣ್ಣಿಗೆ ಚೊಂಬು ಬೀಳಲಿಲ್ಲ. ಬಿದ್ದರೂ ಅದರ ಮೇಲಿನ ಲೇಬಲ್ ಬೀಳಲಿಲ್ಲ.

ನಾನು ಲೇಬಲನ್ನು ಬೆಳಕಿಗೆ ಹಿಡಿದೆ. ಬಾರ್‌ಕೋಡಿನ ಪಕ್ಕದಲ್ಲಿ ಒಂದು ಸಣ್ಣ ಗುರುತು. ಖಾಲಿ ಬಾಟಲಿಯನ್ನು ಅಂಗಡಿಗೆ ವಾಪಸ್ ಕೊಟ್ಟರೆ ಚಿಲ್ಲರೆ ಸಿಗುತ್ತದೆ ಎಂಬ ಗುರುತು. ಡಬ್ಲಿನ್ನಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಫ್ಲೇವಿಯನ್ ಮನೆಯಲ್ಲಿ ಈ ಗುರುತಿನ ಬಾಟಲಿಗಳು ಚೀಲಗಟ್ಟಲೆ ಬಿದ್ದಿರುತ್ತವೆ. ಅಂಗಡಿಗೆ ಒಯ್ಯುತ್ತೇನೆ ಎನ್ನುತ್ತಾನೆ, ಒಯ್ಯುವುದಿಲ್ಲ, ಹೆಂಡತಿಯ ಬೈಗುಳ ತಪ್ಪುವುದಿಲ್ಲ.

ನನಗೆ ಬಂದದ್ದು ಸಿಟ್ಟೋ ಹೆದರಿಕೆಯೋ ಗೊತ್ತಾಗಲಿಲ್ಲ. ಎರಡೂ ಇದ್ದಿರಬೇಕು.

ಬಾಟಲಿಯನ್ನು ತಂದು ಮೇಜಿನ ಮೇಲೆ ಇಟ್ಟೆ. ಸಿರಿಶಾ ಮುಖ ಸಿಂಡರಿಸಿದಳು.

"ಅಯ್ಯೋ ಆಂಟಿ, ಅದನ್ನ ಯಾಕೆ ಊಟದ ಟೇಬಲ್ ಮೇಲೆ..."

"ಈ ನೀರು ಎಲ್ಲಿ ತಗೊಂಡದ್ದು?"

"ನೀರಾ?" ಅಮೋಘ್ ನಕ್ಕ. "ಎಲ್ಲೋ ಪೆಟ್ರೋಲ್ ಬಂಕ್‌ನಲ್ಲಿ ಮೇಡಂ. ಬೆಲ್‌ಫಾಸ್ಟ್ ಹತ್ತಿರ ಇರಬೇಕು."

"ಬೆಲ್‌ಫಾಸ್ಟಲ್ಲಿ ಈ ಬಾಟ್ಲಿ ಸಿಗ್ಲಿಕ್ಕಿಲ್ಲ."

"ನೀರಿನ ಬಾಟ್ಲಿ ಎಲ್ಲಿ ಬೇಕಾದ್ರೂ ಸಿಗುತ್ತಲ್ವಾ?"

"ಈ ಗುರುತು ನೋಡಿ. ಬಾಟ್ಲಿ ವಾಪಸ್ ತಗೊಳ್ಳುವ ಕ್ರಮ ಉಂಟಲ್ಲ, ಅದು ಇರೋದು ಇನ್ನೊಂದು ಐರ್ಲೆಂಡಿನಲ್ಲಿ. ಡಬ್ಲಿನ್ನಿನ ಐರ್ಲೆಂಡಿನಲ್ಲಿ."

ಕೀ ಗೊಂಚಲು ತಿರುಗುವುದು ನಿಂತಿತು.

ಬೃಂದಾ ಫೋನಿನಿಂದ ತಲೆ ಎತ್ತಿದಳು. "ಏನಾಂಟಿ ಅದು? ನಂಗರ್ಥ ಆಗ್ಲಿಲ್ಲ."

ಅವಳಿಗೆ ಅರ್ಥವಾಗದ್ದರಲ್ಲಿ ತಪ್ಪಿಲ್ಲ. ಐರ್ಲೆಂಡ್ ಒಂದೇ ದ್ವೀಪ, ಆದರೆ ಎರಡು ದೇಶ. ಬೆಲ್‌ಫಾಸ್ಟ್, ಡೆರಿ, ಆಂಟ್ರಿಮ್ ಎಲ್ಲ ಬ್ರಿಟನ್ನಿಗೆ ಸೇರಿದ ಉತ್ತರ ತುಂಡು. ಡೆರಿ ಊರು ದಾಟಿ ಪಶ್ಚಿಮಕ್ಕೆ ಸ್ವಲ್ಪ ದೂರ ಗಾಡಿ ಓಡಿಸಿದರೆ ಡೊನೆಗಾಲ್. ಅದು ಬೇರೆ ದೇಶ. ಲಂಡನ್ನಿನಲ್ಲಿ ಕೆಲಸದ ವೀಸಾದ ಮೇಲೆ ಇರುವ ಭಾರತದ ಪಾಸ್‌ಪೋರ್ಟಿನವರು ಅಲ್ಲಿಗೆ ಹೋಗಬೇಕಾದರೆ ಇನ್ನೊಂದು ವೀಸಾ ಬೇಕು. ಆದರೆ ಗಡಿಯಲ್ಲಿ ಗೇಟಿಲ್ಲ, ಕಾವಲಿಲ್ಲ, ಕೇಳುವವರಿಲ್ಲ.

ಇಷ್ಟನ್ನೂ ನಾನು ಬೃಂದಾಗೆ ಹೇಳಿದೆ. ಹೇಳುವಾಗ ಕಣ್ಣು ಅಮೋಘ್‌ನ ಮೇಲಿತ್ತು.

"ಮಧುಗೂ ನಿಮಗೂ ಹೋದ ವರ್ಷ ಬ್ರಿಟಿಷ್ ಪಾಸ್‌ಪೋರ್ಟ್ ಆಯ್ತು, ಅಲ್ವಾ ಬೃಂದಾ? ನೀವು ಎಲ್ಲಿಗೆ ಹೋದ್ರೂ ತೊಂದರೆ ಇಲ್ಲ. ಇವರಿಬ್ಬರದ್ದು ಇನ್ನೂ ಭಾರತದ್ದು. ಹೌದಾ ಅಮೋಘ್?"

"ಸೋ ವಾಟ್ ಮೇಡಂ?" ಅವನ ಸ್ವರ ಏರಿತು. "ಯಾವುದೋ ಬಾಟ್ಲಿ ಹಿಡ್ಕೊಂಡು ಏನೇನೋ ಹೇಳ್ಬೇಡಿ. ನಮಗಿಂತ ಮೊದ್ಲು ಗಾಡಿ ಬಾಡಿಗೆ ತಗೊಂಡಿದ್ದೋರು ಬಿಟ್ಟಿದ್ದಿರಬೇಕು."

ಮಾತು ತಪ್ಪಲ್ಲ. ಒಂದು ಬಾಟಲಿ ಸಾಕ್ಷಿಯಾಗುವುದಿಲ್ಲ. ಕೋರ್ಟಿನಲ್ಲಿ ಇದನ್ನು ಎತ್ತಿ ಹಿಡಿದರೆ ವಕೀಲರು ನಗುತ್ತಾರೆ. ಆದರೆ ನನಗೆ ಕೋರ್ಟು ಬೇಕಿರಲಿಲ್ಲ. ಕತ್ತಲಾಗುವ ಮೊದಲು ಒಂದು ಜಾಗದ ಹೆಸರು ಬೇಕಿತ್ತು.

"ಬೃಂದಾ, ಆ ಬ್ಯಾಗ್ ತೆರೆಯಿರಿ" ಎಂದೆ. "ಬ್ರಷ್ ತೆಗೆದು ಇಲ್ಲಿ ಇಡಿ."

ಅವಳು ನನ್ನನ್ನು ನೋಡಿದಳು. ಜಿಪ್ಪು ಎರಡು ಸಲ ಸಿಕ್ಕಿಕೊಂಡಿತು. ನೀಲಿ ಹಿಡಿಯ ಬ್ರಷ್ಷು ಹೊರಗೆ ಬಂತು. ಎಳೆಗಳು ಒಂದು ಕಡೆಗೆ ಬಾಗಿದ್ದವು. ಅವಳು ಅದನ್ನು ಬಾಟಲಿಯ ಪಕ್ಕ ಇಡಲಾರದೆ ಅಂಗೈಯಲ್ಲೇ ಹಿಡಿದುಕೊಂಡಳು.

"ಹೊಸದು ತಗೋ ಅಂತ ಎಷ್ಟು ಸಲ ಹೇಳಿದ್ದೆ" ಎಂದಳು. ಅಷ್ಟೇ ಹೇಳಿದ್ದು.

"ಅಮೋಘ್, ಪೊಲೀಸರು ಅದನ್ನು ಯಾಕೆ ಕೇಳಿದ್ದು ಅಂತ ನಿಮಗೆ ಗೊತ್ತುಂಟಾ?"

ಅವನು ಕಣ್ಣು ತಪ್ಪಿಸಿ ಬಾಗಿಲಿನ ಕಡೆ ನೋಡಿದ.

"ನಿಮಗೆ ಗೊತ್ತುಂಟು. ಅಲ್ಲಿ ಹೆಲಿಕಾಪ್ಟರ್ ತಿರುಗ್ತಾ ಉಂಟು. ನಮ್ಮವರಲ್ಲದ ಜನ ಹಗ್ಗ ಕಟ್ಟಿಕೊಂಡು ಬಂಡೆ ಇಳಿದು ನಮ್ಮ ಹುಡುಗನನ್ನು ಹುಡುಕ್ತಾ ಇದ್ದಾರೆ. ಅವ ಅಲ್ಲಿ ಇಲ್ಲವೇ ಇಲ್ಲ ಅಂತ ಆದರೆ, ಎಲ್ಲಿದ್ದಾನೋ ಅಲ್ಲಿ ಒಬ್ಬರೂ ಹುಡುಕ್ತಾ ಇಲ್ಲ. ನೀವು ಸುಮ್ಮನೆ ಇದ್ದಷ್ಟು ಹೊತ್ತೂ ಹುಡುಕುವುದಿಲ್ಲ."

ಗಾಡಿ ಮೊದಲ ಬಾರಿಗೆ ಅಲುಗಾಡದೆ ನಿಂತಿತು. ಎಲ್ಲೋ ಹಿಂದಿನ ಬೀದಿಯಲ್ಲಿ ಐಸ್‌ಕ್ರೀಮ್ ವ್ಯಾನಿನ ಸಂಗೀತ ಕೇಳುತ್ತಿತ್ತು.

ಅಮೋಘ್ ನೆಲದ ಮೇಲೆ, ಒಲೆಗೆ ಒರಗಿ, ಕುಸಿದು ಕೂತ.

"ಗೇಟ್ ಇಲ್ರೀ ಅಲ್ಲೆ" ಎಂದ.

ಹೆದರಿಕೆಗೆ ಅವನ ಬೆಂಗಳೂರು ಕಳಚಿಬಿದ್ದು ಧಾರವಾಡ ಹೊರಗೆ ಬಂದಿತ್ತು.

"ಗೇಟಿಲ್ಲ, ಪೊಲೀಸ್ರಿಲ್ಲ, ಏನೂ ಇಲ್ಲ. ಹೊಂಟಿದ್ವಿ, ಹೊಂಟಿದ್ವಿ, ಫೋನಿಗೆ ಮೆಸೇಜ್ ಬಂತು, ವೆಲ್‌ಕಮ್ ಟು ಐರ್ಲೆಂಡ್ ಅಂತ. ಆವಾಗ ಗೊತ್ತಾತು ದಾಟೇವಿ ಅಂತ. ನಾ ಗಾಡಿ ತಿರಗಸ್ತೀನಿ ಅಂದೆ. ಮಧು ನಕ್ಕಾ. ಒಂದ್ ದಿನದ ಟ್ರಿಪ್ಪಿಗೆ ಯಾರ್ ಕೇಳ್ತಾರಲೇ, ಸಂಜಿಕ್ಕೆ ವಾಪಸ್ ಬರ್ತೀವಿ ಅಂದಾ. ಅವಂಗೇನ್ರಿ, ಪಾಸ್‌ಪೋರ್ಟ್ ಅದ."

ಬೃಂದಾ ಬ್ರಷ್ಷನ್ನು ಮಡಿಲಿಗೆ ಇಳಿಸಿದಳು.

ಅವನು ಹೇಳುತ್ತಾ ಹೋದ. ಗಾಡಿಗಿಂತ ಕಿರಿದಾದ ರಸ್ತೆ, ಎರಡೂ ಬದಿಯ ಮುಳ್ಳುಬೇಲಿ ಕಿಟಕಿಗೆ ಕೆರೆಯುತ್ತಿತ್ತಂತೆ. ರಸ್ತೆಯ ನಡುವೆ ಕುರಿಗಳು ಮಲಗಿದ್ದವಂತೆ, ಹಾರನ್ ಹೊಡೆದರೂ ಏಳಲಿಲ್ಲ, ಮಧು ಇಳಿದು ಹೋಗಿ ಒಂದೊಂದನ್ನೇ ಮಾತಾಡಿಸಿ ಎಬ್ಬಿಸಿದನಂತೆ. ರಸ್ತೆ ಮುಗಿದಲ್ಲಿ ಗಾಡಿ ನಿಲ್ಲಿಸಿದರು. ಆಮೇಲೆ ಬರೀ ಕಪ್ಪು ಬಂಡೆ, ಕೆಳಗೆ ಸಮುದ್ರ. ಬಾಗಿಲು ತೆರೆದಿಟ್ಟು, ಸಮುದ್ರಕ್ಕೆ ಮುಖ ಮಾಡಿ, ಉಪ್ಪಿಟ್ಟು ತಿಂದರು. ಗಾಳಿ ಪೇಪರ್ ತಟ್ಟೆಗಳನ್ನೇ ಹಾರಿಸಿಕೊಂಡು ಹೋಯಿತು.

"ಇಂಥಾ ಜಾಗಾ ನಾ ನೋಡೇ ಇಲ್ಲ ಅಂತಿದ್ದಾ ಮಧು. ಬೃಂದಾನ್ನ ಕರ್ಕೊಂಡು ಮತ್ತ ಬರ್ತೀನಿ ಅಂದಾ. ಥಂಡಿ ಅಂತ ನನ್ನ ಕೆಂಪು ಜಾಕೆಟ್ ಹಾಕ್ಕೊಂಡು, ವಿಡಿಯೋ ಮಾಡಲಿಕ್ಕೆ ಕೆಳಗ ಇಳದಾ."

"ಆಮೇಲೆ?"

"ಜಾರಿದಾ. ಒಂದೇ ಒಂದ್ ಸಲ ಕೂಗಿದ್ದು ಕೇಳ್ತು. ಓಡಿ ಹೋಗಿ ನೋಡಿದ್ರ, ಎರಡು ಬಂಡೆಗಲ್ಲ ನಡುವ ಕೆಂಪಗ ಕಾಣಸ್ತಿತ್ತು. ಅಲ್ಲಾಡಲಿಲ್ರೀ. ತೆರಿ ಮ್ಯಾಲಿಂದ ಮ್ಯಾಲೆ ಬಡೀತಿತ್ತು. ಇಳೀಲಿಕ್ಕೆ ದಾರಿ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಸಿಗ್ನಲ್ ಹುಡುಕಿಕೋತ ಗಾಡಿ ಹೊಡದೆ."

"ಸಿಗ್ನಲ್ ಎಲ್ಲಿ ಸಿಕ್ತು?"

ಅವನು ಮುಖ ಮುಚ್ಚಿಕೊಂಡ.

"ಅಲ್ಲೇ ಸಿಕ್ತು. ಸ್ವಲ್ಪ ಮುಂದ ಹೋಗೂದ್ರಾಗ ಸಿಕ್ತು. ಡಯಲ್ ಮಾಡಬೇಕಂತ ಕೈಯಾಗ ಹಿಡ್ಕೊಂಡಿದ್ದೆ. ಆವಾಗ ತಲಿಗೆ ಬಂತು. ಐಎಲ್‌ಆರ್ ಅರ್ಜಿ ಹಾಕೇವಿ ಮೇಡಂ. ಪರ್ಮನೆಂಟ್ ಇಲ್ಲೇ ಇರೂದು. ಐದು ವರ್ಷ ಕಾದೇವಿ ಅದಕ್ಕ. ವೀಸಾ ಇಲ್ದ ಇನ್ನೊಂದು ದೇಶದಾಗ ಸಿಕ್ಕೊಂಡ್ರ ಎಲ್ಲಾ ಹೋತು. ಅವಾ ಅಂತೂ ಸತ್ತಾ ಅಂದ್ಕೊಂಡೆ. ಸತ್ತಾವನ್ನ ಎಲ್ಲೆ ಹುಡುಕಿದ್ರೂ ಅಷ್ಟ ಅಂದ್ಕೊಂಡೆ. ಆಂಟ್ರಿಮ್ ತನಕಾ ಹೊಡ್ಕೊಂಡು ಬಂದು, ಅಲ್ಲಿಂದ ಫೋನ್ ಮಾಡಿದೆ."

ಕೆಟ್ಟವರು ನನಗೆ ಹೊಸಬರಲ್ಲ. ನನ್ನನ್ನು ಕಾಡಿದ್ದು ಇವನು ಕೆಟ್ಟವನಲ್ಲ ಎಂಬುದು. ಶನಿವಾರ ಮಧ್ಯಾಹ್ನದವರೆಗೆ ಒಳ್ಳೆಯ ಗೆಳೆಯನೇ ಆಗಿದ್ದ. ಅಲ್ಲೇ ಫೋನ್ ಮಾಡಿದ್ದರೆ ಒಂದು ಎಚ್ಚರಿಕೆ ಕೊಟ್ಟು ಬಿಡುತ್ತಿದ್ದರೋ ಏನೋ. ಈಗ ಅವನು ಹೇಳಿರುವ ಸುಳ್ಳಿಗೆ ಬಿಡುವವರು ಯಾರೂ ಇಲ್ಲ.

"ಅಮೋಘ್" ಎಂದಳು ಬೃಂದಾ. ಸ್ವರ ತೀರಾ ತಗ್ಗಿತ್ತು. "ನಿನ್ನೆ ಇಡೀ ದಿನ ಆ ಬಂಡೆ ಮೇಲೆ ನಿಂತು ಅವನ ಹೆಸರು ಕೂಗಿದೀನಿ ನಾನು. ಗಂಟಲು ಕಟ್ಟೋವರೆಗೂ. ಅಲ್ಲಿನ ಒಬ್ಬ ಅಜ್ಜ ನಂಗೆ ಟೀ ತಂದುಕೊಟ್ಟ, ಕೂಗಮ್ಮ, ಕೇಳಿಸಿದ್ರೂ ಕೇಳಿಸುತ್ತೆ ಅಂದ. ಅವನಿಗೆ ಕೇಳಿಸದೇ ಇರೋ ಜಾಗದಲ್ಲಿ ನನ್ನ ನಿಲ್ಲಿಸಿದ್ಯಲ್ಲೋ."

ಅಮೋಘ್ ಅಳತೊಡಗಿದ. ಸಿರಿಶಾ ಅಳಲಿಲ್ಲ. ಬೃಂದಾಳ ಬೆನ್ನ ಮೇಲಿದ್ದ ಅವಳ ಕೈ ಯಾವಾಗಲೋ ಕೆಳಗಿಳಿದಿತ್ತು.

ಅಳುವವರನ್ನು ಸಮಾಧಾನ ಮಾಡುತ್ತಾ ಕೂರುವ ಹೊತ್ತಲ್ಲ ಅದು. ನನಗೆ ಅವನ ಮಾತಿನಲ್ಲಿ ಒಂದು ಪದ ಚುಚ್ಚುತ್ತಿತ್ತು.

"ಜಾಕೆಟ್ ನಿಮ್ಮದು ಅಂದ್ರಲ್ಲ. ಜೇಬಲ್ಲಿ ಎಂತ ಇತ್ತು?"

"ಪರ್ಸು."

"ಪರ್ಸಲ್ಲಿ?"

"ಡ್ರೈವಿಂಗ್ ಲೈಸೆನ್ಸು. ನನ್ನ ವಿಸಿಟಿಂಗ್ ಕಾರ್ಡು. ಆಫೀಸ್ನಾಗ ಕೊಟ್ಟ ಎಮರ್ಜೆನ್ಸಿ ಕಾರ್ಡ್ ಒಂದಿತ್ತು, ಅದರಾಗ ಸಿರಿ ನಂಬರು."

"ಮಧುವಿನ ಪರ್ಸು, ಫೋನು?"

"ಪರ್ಸು ಗಾಡ್ಯಾಗ ಇತ್ತು. ಫೋನ್ ಅವನ ಕೈಯಾಗ ಇತ್ತು. ಸಮುದ್ರಕ್ಕ ಬಿತ್ತು."

ಹಾಗಾದರೆ ಡೊನೆಗಾಲಿನಲ್ಲಿ ಯಾರ ಕಣ್ಣಿಗಾದರೂ ಅವನು ಬಿದ್ದಿದ್ದರೆ, ಅವರಿಗೆ ಸಿಕ್ಕಿದ್ದು ಮಧುಸೂದನ್ ಅಲ್ಲ. ಅಮೋಘ್ ಕುಲಕರ್ಣಿ. ಆಂಟ್ರಿಮ್‌ನ ಪೊಲೀಸರು ಮಧುಸೂದನ್ ಎಂಬ ಹೆಸರನ್ನು ಎಷ್ಟು ಊರಿಗೆ ಕಳಿಸಿದರೂ ಆ ಹೆಸರಿನ ಮನುಷ್ಯ ಎಲ್ಲೂ ಸಿಗುವುದಿಲ್ಲ.

ನನ್ನ ಕೈ ತಾನಾಗಿ ಮುಂದೆ ಹೋಯಿತು.

"ನಿಮ್ಮ ಫೋನ್ ಕೊಡಿ."

ಅವನು ಲಾಕ್ ತೆಗೆದು ಕೊಟ್ಟ. ಬಂದ ಕರೆಗಳನ್ನು ತೆರೆದೆ. ಪರದೆಯ ತುಂಬಾ ಕೆಂಪು. ಶನಿವಾರ ರಾತ್ರಿಯಿಂದ ಒಂದೇ ನಂಬರು ಮತ್ತೆ ಮತ್ತೆ ಬಂದಿತ್ತು. ಮೊ‌ದಲಿಗೆ 353. ಫ್ಲೇವಿಯನ್‌ನ ನಂಬರೂ ಹಾಗೇ ಶುರುವಾಗುತ್ತದೆ, ಅದು ಡಬ್ಲಿನ್ನಿನ ಐರ್ಲೆಂಡಿನ ಕೋಡು.

"ಇದನ್ನು ಯಾಕೆ ಎತ್ತಲಿಲ್ಲ?"

"ಇಮಿಗ್ರೇಷನ್‌ನವರು ಅಂದ್ಕೊಂಡೆ. ಲೈಸೆನ್ಸ್ ಸಿಕ್ಕದ, ಹಿಡಿಲಿಕ್ಕೆ ಫೋನ್ ಮಾಡ್ಲಿಕ್ಹತ್ಯಾರ ಅಂದ್ಕೊಂಡೆ."

"ಆಂಟಿ, ಬೇಡ" ಎಂದಳು ಸಿರಿಶಾ ಥಟ್ಟನೆ. ಅಷ್ಟು ಹೊತ್ತು ಬಾಯಿ ಬಿಡದಿದ್ದವಳು ಎದ್ದೇ ನಿಂತಿದ್ದಳು. "ಮೊದ್ಲು ಲಂಡನ್ ಪೊಲೀಸ್‌ಗೆ ಮಾಡೋಣ. ಅವರೇ ವಿಚಾರಿಸ್ಲಿ. ನಾವು ಹೀಗೆ ಡೈರೆಕ್ಟಾಗಿ..."

ನಾನು ಆಗಲೇ ನಂಬರ್ ಒತ್ತಿ ಸ್ಪೀಕರ್ ಹಾಕಿದ್ದೆ.

ಎತ್ತಿದ್ದು ಒಬ್ಬ ಹೆಂಗಸು. ಡೊನೆಗಾಲಿನ ಒಂದು ಆಸ್ಪತ್ರೆಯ ವಾರ್ಡು. ಅವಳ ಇಂಗ್ಲಿಷು ಹಾಡಿನಂತೆ ಏರಿ ಇಳಿಯುತ್ತಿತ್ತು. ಅವಳು ಹೇಳಿದ್ದನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ.

"ಈ ನಂಬರಿನಿಂದ ಕೊನೆಗೂ ಯಾರಾದರೂ ಮಾಡಿದಿರಲ್ಲ, ನಿನ್ನೆ ಮಧ್ಯಾಹ್ನದಿಂದ ಎರಡೂ ನಂಬರು ಯಾರೂ ಎತ್ತುತ್ತಿರಲಿಲ್ಲ, ದೇವರು ದೊಡ್ಡವನು! ಅಮೋಘ್ ಅವರ ಕಡೆಯವರಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಬೃಂದಾ ಫೋನನ್ನು ಎರಡೂ ಕೈಯಿಂದ ಹಿಡಿದು ಬಾಯಿಯ ಹತ್ತಿರ ತಂದುಕೊಂಡಿದ್ದಳು.

"ನಾನು ಅವರ ಹೆಂಡತಿ" ಎಂದಳು. "ಅವರು... ಇದ್ದಾರಾ?"

"ಇದ್ದಾರೆ. ಇದ್ದಾರಮ್ಮ. ಇನ್ನೂ ಎಚ್ಚರ ಬಂದಿಲ್ಲ, ಆದರೆ ಇವತ್ತು ಬೆಳಿಗ್ಗೆಯಿಂದ ತಾವೇ ಉಸಿರಾಡುತ್ತಿದ್ದಾರೆ."

ಬೃಂದಾಳ ಗಂಟಲಿನಿಂದ ಹೊರಟ ಶಬ್ದ ಅಳುವಾಗಿರಲಿಲ್ಲ, ನಗುವೂ ಆಗಿರಲಿಲ್ಲ. ಅಮೋಘ್ ನೆಲದ ಮೇಲೆ ಕೂತಲ್ಲೇ ಎರಡೂ ಕೈ ಮುಗಿದ. ನಾನು ಶಿಲುಬೆಯ ಗುರುತು ಮಾಡಿಕೊಂಡೆ. ಇಂಥ ಖುಷಿ ನನ್ನ ಕಸುಬಿನಲ್ಲಿ ಅಪರೂಪ. ನಾಚಿಕೆ ಇಲ್ಲದೆ ಹೇಳುತ್ತೇನೆ, ನನ್ನ ಕಣ್ಣಲ್ಲೂ ನೀರು ಬಂತು.

ಏಡಿ ಹಿಡಿಯುವ ದೋಣಿಯವರು ಶನಿವಾರ ಸಂಜೆ ಬಂಡೆಗಳ ನಡುವೆ ಕೆಂಪು ಜಾಕೆಟ್ ಕಂಡು ಎತ್ತಿ ತಂದರಂತೆ. ತಲೆಗೆ ಪೆಟ್ಟು, ಒಳಗೆ ರಕ್ತ, ಮುಖ ಗುರುತು ಸಿಗದಷ್ಟು ಊದಿತ್ತಂತೆ. ಭಾನುವಾರ ಬೆಳಿಗ್ಗೆ ಆಪರೇಷನ್ ಆಯಿತಂತೆ.

"ಸರ್ಜನ್ ಇವತ್ತೂ ನಿಮ್ಮ ಮಾತೇ ಆಡುತ್ತಿದ್ದರು" ಎಂದಳು ನರ್ಸು. "ಅವರು ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಾರೆ ಅಂತ ನೀವು ನಿನ್ನೆ ಫೋನಿನಲ್ಲಿ ಹೇಳದಿದ್ದರೆ ನಮಗೆ ಗೊತ್ತಾಗುವಾಗ ತಡವಾಗುತ್ತಿತ್ತು. ಹಾಗೇ ಆಪರೇಷನ್ ಮೇಜಿನ ಮೇಲೆ ಹಾಕಿದ್ದರೆ ರಕ್ತ ನಿಲ್ಲುತ್ತಿರಲಿಲ್ಲ. ನೀವೇ ಅವರನ್ನು ಉಳಿಸಿದ್ದು."

ಬೃಂದಾಳ ಮುಖದ ಮೇಲಿನ ನಗು ಹಾಗೇ ಇತ್ತು. ಕಣ್ಣು ಮಾತ್ರ ಬದಲಾಯಿತು.

"ಯಾವ ಮಾತ್ರೆ?" ಎಂದಳು. "ನನ್ನ ಗಂಡ ಯಾವ ಮಾತ್ರೆನೂ ತಗೊಳ್ಳಲ್ಲ."

ಆ ಕಡೆಯಿಂದ ಕಾಗದ ಮಗುಚಿದ ಸದ್ದು ಕೇಳಿಸಿತು.

"ಕ್ಷಮಿಸಿ" ಎಂದಳು ನರ್ಸು. ಈಗ ಅವಳ ಸ್ವರದಲ್ಲಿ ಹಾಡು ಇರಲಿಲ್ಲ. "ನಿನ್ನೆ ಬೆಳಿಗ್ಗೆ ನನ್ನ ಜೊತೆ ಮಾತಾಡಿದ್ದು ನೀವೇ ತಾನೆ?"

ಅಮೋಘ್ ನೆಲದಿಂದ ತಲೆ ಎತ್ತಿ ತನ್ನ ಹೆಂಡತಿಯನ್ನು ನೋಡಿದ. ಅವನಿಗೂ ಗೊತ್ತಿರಲಿಲ್ಲ. ಅದು ಅವನ ಮುಖದಲ್ಲೇ ಬರೆದಿತ್ತು. ಎಮರ್ಜೆನ್ಸಿ ಕಾರ್ಡಿನಲ್ಲಿದ್ದದ್ದು ಸಿರಿಶಾಳ ನಂಬರು, ಆಸ್ಪತ್ರೆಯವರು ಅವಳಿಗೂ ಫೋನ್ ಮಾಡಿದ್ದರು. ನಿನ್ನೆ ಬೆಳಿಗ್ಗೆ, ಬೃಂದಾ ಆಂಟ್ರಿಮ್‌ನ ಬಂಡೆಯ ಮೇಲೆ ನಿಂತು ಕೂಗುತ್ತಿದ್ದ ಹೊತ್ತಿಗೆ, ಮಧು ಬದುಕಿದ್ದಾನೆ ಎಂದು ಸಿರಿಶಾಗೆ ಗೊತ್ತಿತ್ತು. ಇವತ್ತು ಬೃಂದಾಳ ಬೆನ್ನು ಸವರುತ್ತಾ ಕೂತಾಗಲೂ ಗೊತ್ತಿತ್ತು. ಇನ್ನೂ ಒಂದು ಗೊತ್ತಿತ್ತು, ಆ ಮಾತ್ರೆಯ ವಿಷಯ, ಕಟ್ಟಿಕೊಂಡವಳಿಗೇ ಗೊತ್ತಿಲ್ಲದ್ದು.

"ಸಿರಿ?" ಎಂದಳು ಬೃಂದಾ.

"ಹಲೋ?" ಎಂದಳು ನರ್ಸು. "ಅಲ್ಲಿ ಅವರ ಹೆಂಡತಿ ಯಾರು? ನನಗೆ ಗೊತ್ತಾಗಬೇಕು."

ಸಿರಿಶಾ ಒಂದು ಹೆಜ್ಜೆ ಮುಂದೆ ಬಂದು ಬೃಂದಾಳ ಕೈಯಿಂದ ಫೋನನ್ನು ಬಿಡಿಸಿಕೊಂಡಳು. ಕಿತ್ತುಕೊಳ್ಳಲಿಲ್ಲ. ಮಗುವಿನ ಕೈಯಿಂದ ಕತ್ತರಿ ಬಿಡಿಸಿಕೊಳ್ಳುವ ಹಾಗೆ, ಮೆಲ್ಲಗೆ.

"ನಾನು" ಎಂದಳು, ಸ್ಪಷ್ಟವಾದ ಇಂಗ್ಲಿಷಿನಲ್ಲಿ. "ಸಿರಿಶಾ ಕುಲಕರ್ಣಿ. ನಿನ್ನೆ ಮಾತಾಡಿದ್ದು ನಾನೇ. ಈಗ ಮಾತಾಡಿದ ಹೆಂಗಸು ನಮ್ಮ ಮನೆಯವಳಲ್ಲ. ಇನ್ನು ಮುಂದೆ ಅವಳು ಫೋನ್ ಮಾಡಿದರೂ, ಅಲ್ಲಿಗೇ ಬಂದರೂ, ದಯವಿಟ್ಟು ನನ್ನ ಗಂಡನ ಹತ್ತಿರ ಬಿಡಬೇಡಿ."